ಬಹುಸೇವಾದಾತ ಅಂತರಜಾಲ ಸಂಪರ್ಕ

ಬಹುಸೇವಾದಾತ ಅಂತರಜಾಲ ಸಂಪರ್ಕ ಎಂದರೆ ಒಂದು ಸಂಸ್ಥೆ, ಕಚೇರಿ, ಶಾಲೆ ಅಥವಾ ಸ್ಥಳೀಯ ಜಾಲವು ಏಕಕಾಲಕ್ಕೆ ಎರಡು ಅಥವಾ ಅದಕ್ಕಿಂತ ಹೆಚ್ಚು ಸೇವಾದಾತ ಕಂಪನಿಗಳ ಮೂಲಕ ಅಂತರಜಾಲಕ್ಕೆ ಜೋಡಣೆಗೊಂಡಿರುವ ವ್ಯವಸ್ಥೆ. ಇದಕ್ಕೆ ತಂತ್ರಜ್ಞರು ಬಳಸುವ ಹೆಸರು ‘ಮಲ್ಟಿಹೋಮಿಂಗ್’. ಈ ವ್ಯವಸ್ಥೆಯಲ್ಲಿ ಎರಡು ಕೆಲಸಗಳು ನಡೆಯಬೇಕಾಗುತ್ತವೆ. ಮೊದಲನೆಯದು ಮಾರ್ಗ ನಿರ್ಣಯ: ಪ್ರತಿಯೊಂದು ದತ್ತಾಂಶದ ತುಣುಕು ಯಾವ ಸೇವಾದಾತರ ಮೂಲಕ ಹೊರಹೋಗಬೇಕು, ಯಾವುದರ ಮೂಲಕ ಒಳಬರಬೇಕು ಎಂಬುದನ್ನು ತೀರ್ಮಾನಿಸುವುದು. ಎರಡನೆಯದು ಬ್ಯಾಂಡ್‌ವಿಡ್ತ್ ನಿರ್ವಹಣೆ: ಲಭ್ಯವಿರುವ ಸಾಮರ್ಥ್ಯವನ್ನು ಬಳಕೆದಾರರಿಗೆ ನ್ಯಾಯವಾಗಿ ಹಂಚುವುದು.

ಒಂದು ಮಾರ್ಗ ಕಡಿದಾಗ ಇನ್ನೊಂದರಲ್ಲಿ ಕೆಲಸ ಮುಂದುವರಿಯಬೇಕೆಂಬುದೇ ಈ ವ್ಯವಸ್ಥೆಯ ಮುಖ್ಯ ಉದ್ದೇಶ. ಆದರೆ ಎರಡು ಕಂಪನಿಗಳಿಗೆ ಹಣ ತೆತ್ತ ಮಾತ್ರಕ್ಕೆ ಈ ಉದ್ದೇಶ ಈಡೇರುವುದಿಲ್ಲ. ಎರಡೂ ಮಾರ್ಗಗಳು ಭೌತಿಕವಾಗಿ ಬೇರೆಬೇರೆಯಾಗಿರಬೇಕು. ಜೊತೆಗೆ ಉಳಿದ ಒಂದು ಮಾರ್ಗವು ಅಗತ್ಯ ಕೆಲಸಗಳ ಭಾರವನ್ನು ಹೊರುವಂತಿರಬೇಕು.

ಹಿನ್ನೆಲೆ

ಭಾರತದಲ್ಲಿ ಅಂತರಜಾಲವು ಮೊದಲು ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಗಳಿಗೆ ಸೀಮಿತವಾಗಿತ್ತು. 1986ರಲ್ಲಿ ಆರಂಭವಾದ ಅರ್ನೆಟ್ ಯೋಜನೆಯಲ್ಲಿ ಭಾಗವಹಿಸಿದ ಸಂಸ್ಥೆಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಒಂದು. ಸಾರ್ವಜನಿಕರಿಗೆ ಅಂತರಜಾಲ ಸೇವೆ ದೊರೆತದ್ದು 1995ರ ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮದ ಮೂಲಕ. ಆಗ ಬೇರೆ ಸೇವಾದಾತರೇ ಇರಲಿಲ್ಲವಾದ್ದರಿಂದ ಆಯ್ಕೆಯ ಪ್ರಶ್ನೆ ಏಳಲಿಲ್ಲ. 1998ರ ನವೆಂಬರ್‌ನಲ್ಲಿ ಖಾಸಗಿ ಕಂಪನಿಗಳಿಗೂ ಅವಕಾಶ ದೊರೆತ ಬಳಿಕ ಒಬ್ಬ ಗ್ರಾಹಕ ಒಂದಕ್ಕಿಂತ ಹೆಚ್ಚು ಸೇವಾದಾತರಿಂದ ಸಂಪರ್ಕ ಪಡೆಯುವುದು ಸಾಧ್ಯವಾಯಿತು. ಆರಂಭದಲ್ಲಿ ಇದನ್ನು ಬಳಸಿದವು ಬ್ಯಾಂಕುಗಳು ಮತ್ತು ಬೆಂಗಳೂರಿನ ತಂತ್ರಾಂಶ ಕಂಪನಿಗಳಂತಹ ದೊಡ್ಡ ಸಂಸ್ಥೆಗಳು.

ಇಂದು ಈ ಅಗತ್ಯ ದೊಡ್ಡ ನಗರಗಳಿಗೆ ಸೀಮಿತವಾಗಿಲ್ಲ. ನ್ಯಾಯಬೆಲೆ ಅಂಗಡಿಯ ಬೆರಳಚ್ಚು ಯಂತ್ರ, ನಾಡಕಚೇರಿಯ ಜಾತಿ ಮತ್ತು ಆದಾಯ ಪ್ರಮಾಣಪತ್ರ, ಭೂಮಿ ಯೋಜನೆಯ ಪಹಣಿ, ವಿದ್ಯಾರ್ಥಿವೇತನದ ಅರ್ಜಿ, ನರೇಗಾ ಕೂಲಿಕಾರರ ಹಾಜರಾತಿ ಇವೆಲ್ಲವೂ ಜಾಲವನ್ನೇ ಅವಲಂಬಿಸಿವೆ. ಹಳ್ಳಿಯಲ್ಲಿ ಇರುವ ಒಂದೇ ಕೇಬಲ್ ಕಡಿದರೆ ಕೂಲಿ ಬಿಟ್ಟು ಪಡಿತರಕ್ಕೆ ಬಂದವರು ಬರಿಗೈಯಲ್ಲಿ ಮರಳಬೇಕಾಗುತ್ತದೆ. ಅರ್ಜಿಯ ಕೊನೆಯ ದಿನದಂದು ಹೀಗಾದರೆ ನಷ್ಟ ಇನ್ನೂ ದೊಡ್ಡದು.

ಮೂಲ ಪರಿಕಲ್ಪನೆಗಳು

ಪ್ಯಾಕೆಟ್ ಮತ್ತು ರೂಟರ್: ಅಂತರಜಾಲದಲ್ಲಿ ಸಾಗುವ ಪತ್ರ, ಚಿತ್ರ, ಧ್ವನಿ ಯಾವುದೇ ಇರಲಿ, ಅದನ್ನು ಪ್ಯಾಕೆಟ್ ಎಂಬ ಚಿಕ್ಕ ತುಣುಕುಗಳಾಗಿ ಒಡೆಯಲಾಗುತ್ತದೆ. ಪ್ರತಿ ಪ್ಯಾಕೆಟ್‌ನ ಮೇಲೆ ಕಳುಹಿಸಿದವರ ಮತ್ತು ತಲುಪಬೇಕಾದವರ ಐಪಿ ವಿಳಾಸ ಇರುತ್ತದೆ. ದಾರಿಯ ಪ್ರತಿ ಕೂಡುದಾರಿಯಲ್ಲಿ ರೂಟರ್ ಎಂಬ ಯಂತ್ರವು ವಿಳಾಸವನ್ನು ನೋಡಿ, ತನ್ನಲ್ಲಿರುವ ಮಾರ್ಗಪಟ್ಟಿಯ ಪ್ರಕಾರ ಪ್ಯಾಕೆಟನ್ನು ಮುಂದಿನ ರೂಟರಿಗೆ ದಾಟಿಸುತ್ತದೆ. ಪೂರ್ತಿ ದಾರಿಯನ್ನು ಯಾವ ಒಂದು ರೂಟರೂ ನಿರ್ಧರಿಸುವುದಿಲ್ಲ. ಪ್ರತಿಯೊಂದೂ ಮುಂದಿನ ಒಂದು ಹೆಜ್ಜೆಯನ್ನಷ್ಟೇ ನಿರ್ಧರಿಸುತ್ತದೆ.

ನಿರ್ದಿಷ್ಟ ಮಾರ್ಗಕ್ಕೆ ಆದ್ಯತೆ: ಮಾರ್ಗಪಟ್ಟಿಯಲ್ಲಿ ಒಂದೇ ವಿಳಾಸಕ್ಕೆ ಹಲವು ನಮೂದುಗಳು ಹೊಂದಿದರೆ ಹೆಚ್ಚು ನಿರ್ದಿಷ್ಟವಾದ ನಮೂದನ್ನೇ ರೂಟರ್ ಆರಿಸುತ್ತದೆ. ಅಂಚೆಯ ಪಿನ್‌ಕೋಡ್ ಇದಕ್ಕೆ ಉತ್ತಮ ಉದಾಹರಣೆ. ಕಲಬುರಗಿ, ಬೀದರ್ ಮತ್ತು ಯಾದಗಿರಿ ಭಾಗದ ಪಿನ್‌ಕೋಡ್‌ಗಳು 585ರಿಂದ ಆರಂಭವಾಗುತ್ತವೆ. ಪತ್ರ ವಿಂಗಡಿಸುವವನ ಮುಂದೆ ‘5’ ಎಂಬ ಒಂದು ಚೀಲವೂ ‘585’ ಎಂಬ ಇನ್ನೊಂದು ಚೀಲವೂ ಇದ್ದರೆ, ಯಾದಗಿರಿಯ ಪತ್ರ ಎರಡಕ್ಕೂ ಹೊಂದುತ್ತದೆ. ಆದರೂ ಅವನು ಅದನ್ನು ‘585’ರ ಚೀಲಕ್ಕೇ ಹಾಕುತ್ತಾನೆ. ಈ ಸರಳ ನಿಯಮವೇ ಮುಂದೆ ವಿವರಿಸಿದ ಹಲವು ಉಪಾಯಗಳಿಗೂ ಅಪಾಯಗಳಿಗೂ ಮೂಲ.

ಸ್ವಾಯತ್ತ ವ್ಯವಸ್ಥೆ: ಒಂದೇ ಆಡಳಿತದ ಅಡಿಯಲ್ಲಿ, ಒಂದೇ ಮಾರ್ಗನೀತಿಯಿಂದ ನಡೆಯುವ ಜಾಲಗಳ ಸಮೂಹಕ್ಕೆ ಸ್ವಾಯತ್ತ ವ್ಯವಸ್ಥೆ ಎನ್ನುತ್ತಾರೆ. ಪ್ರತಿ ಸ್ವಾಯತ್ತ ವ್ಯವಸ್ಥೆಗೂ ಒಂದು ಸಂಖ್ಯೆಯಿದೆ. ಬಿಎಸ್‌ಎನ್‌ಎಲ್‌ನ ಸಂಖ್ಯೆ 9829, ಭಾರ್ತಿ ಏರ್‌ಟೆಲ್‌ನದು 9498, ಟಾಟಾ ಕಮ್ಯುನಿಕೇಷನ್ಸ್‌ನದು 4755, ರಿಲಯನ್ಸ್ ಜಿಯೋದು 55836. ಏಷ್ಯಾ ಮತ್ತು ಪೆಸಿಫಿಕ್ ವಲಯಕ್ಕೆ ಇಂತಹ ಸಂಖ್ಯೆಗಳನ್ನೂ ವಿಳಾಸಗಳನ್ನೂ ಹಂಚುವ ಸಂಸ್ಥೆ ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿರುವ ಎಪಿನಿಕ್. ಭಾರತದಲ್ಲಿ ಈ ಕೆಲಸವನ್ನು 2012ರಿಂದ ಐರಿನ್ ಎಂಬ ರಾಷ್ಟ್ರೀಯ ನೋಂದಣಿ ಸಂಸ್ಥೆ ಮಾಡುತ್ತಿದೆ.

ಬ್ಯಾಂಡ್‌ವಿಡ್ತ್: ಒಂದು ಸಂಪರ್ಕವು ಒಂದು ಸೆಕೆಂಡಿನಲ್ಲಿ ಸಾಗಿಸಬಲ್ಲ ಬಿಟ್‌ಗಳ ಪ್ರಮಾಣವೇ ಬ್ಯಾಂಡ್‌ವಿಡ್ತ್. ಕಡತಗಳ ಗಾತ್ರವನ್ನು ಬೈಟ್‌ಗಳಲ್ಲಿಯೂ ಸಂಪರ್ಕದ ವೇಗವನ್ನು ಬಿಟ್‌ಗಳಲ್ಲಿಯೂ ಅಳೆಯುತ್ತಾರೆ. ಒಂದು ಬೈಟ್ ಎಂದರೆ 8 ಬಿಟ್. ಹೀಗಾಗಿ ಸೆಕೆಂಡಿಗೆ 40 ಮೆಗಾಬಿಟ್ ಸಂಪರ್ಕದಲ್ಲಿ ಕಡತವು ಹೆಚ್ಚೆಂದರೆ ಸೆಕೆಂಡಿಗೆ 5 ಮೆಗಾಬೈಟ್‌ನಂತೆ ಇಳಿಯುತ್ತದೆ. ಭಾರತದಲ್ಲಿ ಬ್ರಾಡ್‌ಬ್ಯಾಂಡ್ ಎನಿಸಿಕೊಳ್ಳಲು ಬೇಕಾದ ಕನಿಷ್ಠ ವೇಗವು 2004ರ ನೀತಿಯಲ್ಲಿ ಸೆಕೆಂಡಿಗೆ 256 ಕಿಲೋಬಿಟ್ ಇತ್ತು. ಅದು 2013ರಲ್ಲಿ 512 ಕಿಲೋಬಿಟ್‌ಗೆ, 2023ರಲ್ಲಿ 2 ಮೆಗಾಬಿಟ್‌ಗೆ ಏರಿತು.

ಸಂಪರ್ಕದ ವಿಧಗಳು

ಸಣ್ಣ ಗ್ರಾಹಕರ ವಿಧಾನ

ಶಾಲೆ, ಪಂಚಾಯಿತಿ, ಅಂಗಡಿ ಮುಂತಾದ ಸಣ್ಣ ಗ್ರಾಹಕರಿಗೆ ತಮ್ಮದೇ ಆದ ಸಾರ್ವಜನಿಕ ವಿಳಾಸಗಳಿರುವುದಿಲ್ಲ. ಪ್ರತಿ ಸೇವಾದಾತ ತನ್ನ ಸಂಗ್ರಹದಿಂದ ಒಂದು ವಿಳಾಸವನ್ನು ಕೊಡುತ್ತಾನೆ. ಎರಡು ಅಂತರಜಾಲ ಸಂಪರ್ಕಗಳನ್ನು ಜೋಡಿಸಬಲ್ಲ ರೂಟರೊಂದು ಒಳಗಿನ ಎಲ್ಲ ಗಣಕಗಳ ಪರವಾಗಿ ಈ ವಿಳಾಸಗಳನ್ನು ಬಳಸಿ ಮಾತನಾಡುತ್ತದೆ. ಇಲ್ಲಿ ಎರಡು ಬಗೆಯ ಏರ್ಪಾಡು ಸಾಧ್ಯ.

ಮೊದಲನೆಯದು ಮೀಸಲು ಪದ್ಧತಿ. ಒಂದು ಸಂಪರ್ಕ ಸದಾ ಕೆಲಸ ಮಾಡುತ್ತದೆ. ಇನ್ನೊಂದು ಸುಮ್ಮನೆ ಕಾದಿರುತ್ತದೆ. ಮೊದಲನೆಯದು ಬಿದ್ದಾಗ ಎರಡನೆಯದು ಚಾಲನೆಗೆ ಬರುತ್ತದೆ.

ಎರಡನೆಯದು ಹಂಚಿಕೆ ಪದ್ಧತಿ. ಎರಡೂ ಸಂಪರ್ಕಗಳು ಸದಾ ಕೆಲಸ ಮಾಡುತ್ತವೆ. ಒಂದು ಸಂಪರ್ಕ 100 ಮೆಗಾಬಿಟ್, ಇನ್ನೊಂದು 40 ಮೆಗಾಬಿಟ್ ಇದ್ದರೆ ಹೊಸ ಸಂವಾದಗಳನ್ನು 5:2ರ ಅನುಪಾತದಲ್ಲಿ ಹಂಚಬಹುದು. ಅಂದರೆ ಪ್ರತಿ ಏಳರಲ್ಲಿ ಐದು ಮೊದಲನೆಯದಕ್ಕೆ, ಎರಡು ಎರಡನೆಯದಕ್ಕೆ.

ಹಂಚಿಕೆಯು ಸಂವಾದಗಳ ಲೆಕ್ಕದಲ್ಲಿ ನಡೆಯಬೇಕೇ ಹೊರತು ಪ್ಯಾಕೆಟ್‌ಗಳ ಲೆಕ್ಕದಲ್ಲಿ ಅಲ್ಲ. ಒಂದೇ ಸಂವಾದದ ಪ್ಯಾಕೆಟ್‌ಗಳನ್ನು ಎರಡು ದಾರಿಯಲ್ಲಿ ಹರಿದು ಕಳುಹಿಸಿದರೆ ಅವು ಎರಡು ಬೇರೆ ವಿಳಾಸಗಳಿಂದ ಬಂದಂತೆ ಕಾಣುತ್ತವೆ. ಆಚೆಗಿನ ಯಂತ್ರ ಅವನ್ನು ಒಂದೇ ಸಂವಾದವೆಂದು ಗುರುತಿಸಲಾರದು. ಇದೇ ಕಾರಣಕ್ಕೆ, 100 ಮತ್ತು 40 ಮೆಗಾಬಿಟ್‌ನ ಎರಡು ಸಂಪರ್ಕಗಳಿದ್ದರೂ ಒಂದೇ ಕಡತವನ್ನು ಇಳಿಸುವಾಗ 140 ಮೆಗಾಬಿಟ್ ವೇಗ ಸಾಮಾನ್ಯವಾಗಿ ಸಿಗುವುದಿಲ್ಲ. ಹಲವರು ಏಕಕಾಲದಲ್ಲಿ ಬಳಸಿದಾಗ ಮಾತ್ರ ಒಟ್ಟು ಸಾಮರ್ಥ್ಯದ ಲಾಭ ಕಾಣುತ್ತದೆ. ಕೆಲವು ಬ್ಯಾಂಕುಗಳ ತಾಣಗಳು ನಡುವೆ ವಿಳಾಸ ಬದಲಾದರೆ ಬಳಕೆದಾರನನ್ನು ಹೊರಹಾಕುತ್ತವೆ. ಅಂತಹ ಕೆಲಸಗಳನ್ನು ಒಂದೇ ಸಂಪರ್ಕಕ್ಕೆ ಕಟ್ಟಿಹಾಕುವುದು ವಾಡಿಕೆ.

ಇನ್ನೊಂದು ನಿಯಮವೂ ಮುಖ್ಯವಾದುದು. ಒಬ್ಬ ಸೇವಾದಾತ ಕೊಟ್ಟ ವಿಳಾಸವನ್ನು ಹೊತ್ತ ಪ್ಯಾಕೆಟ್ ಅದೇ ಸೇವಾದಾತನ ಮೂಲಕವೇ ಹೊರಹೋಗಬೇಕು. ಸುಳ್ಳು ವಿಳಾಸದ ದಾಳಿಗಳನ್ನು ತಡೆಯಲು ಸೇವಾದಾತರು ತಮ್ಮದಲ್ಲದ ವಿಳಾಸದಿಂದ ಬರುವ ಪ್ಯಾಕೆಟ್‌ಗಳನ್ನು ತಡೆಹಿಡಿಯಬೇಕೆಂದು 2000ದ ಮೇ ತಿಂಗಳಲ್ಲಿ ಪ್ರಕಟವಾದ ಆರ್‌ಎಫ್‌ಸಿ 2827 ಸಲಹೆ ಮಾಡಿದೆ. ಕಳುಹಿಸಿದವರ ವಿಳಾಸವನ್ನು ನೋಡಿ ದಾರಿ ನಿರ್ಧರಿಸುವ ಈ ಕ್ರಮಕ್ಕೆ ನೀತ್ಯಾಧಾರಿತ ಮಾರ್ಗ ನಿರ್ಣಯ ಎನ್ನಬಹುದು. ಎರಡು ದೊಡ್ಡ ಕಂಪನಿಗಳಿಂದ ಸಗಟಾಗಿ ಸಂಪರ್ಕ ಪಡೆದು ತಾಲ್ಲೂಕಿನ ಮನೆಗಳಿಗೆ ಹಂಚುವ ಸ್ಥಳೀಯ ಸೇವಾದಾತರೂ ಇದೇ ಕ್ರಮದಿಂದ ಗ್ರಾಹಕರನ್ನು ಗುಂಪುಗಳಾಗಿ ವಿಂಗಡಿಸಿ, ಒಂದೊಂದು ಗುಂಪನ್ನು ಒಂದೊಂದು ಮೂಲಕ್ಕೆ ಜೋಡಿಸಬಲ್ಲರು.

ದೊಡ್ಡ ಜಾಲಗಳ ವಿಧಾನ

ಬ್ಯಾಂಕು, ವಿಶ್ವವಿದ್ಯಾಲಯ, ದತ್ತಾಂಶ ಕೇಂದ್ರ ಮುಂತಾದವು ಸ್ವಂತ ವಿಳಾಸ ಸಮೂಹವನ್ನೂ ಸ್ವಂತ ಸ್ವಾಯತ್ತ ವ್ಯವಸ್ಥೆಯ ಸಂಖ್ಯೆಯನ್ನೂ ಪಡೆದು, ಬಾರ್ಡರ್ ಗೇಟ್‌ವೇ ಪ್ರೋಟೋಕಾಲ್ ಅಥವಾ ಬಿಜಿಪಿ ಎಂಬ ನಿಯಮಾವಳಿಯ ಮೂಲಕ ಎಲ್ಲ ಸೇವಾದಾತರಿಗೂ ತಮ್ಮ ಇರುವಿಕೆಯನ್ನು ಸಾರುತ್ತವೆ. ಇಲ್ಲಿ ವಿಳಾಸ ಸಂಸ್ಥೆಯದೇ ಆದ್ದರಿಂದ ಒಂದು ಸಂಪರ್ಕ ಕಡಿದರೂ ವಿಳಾಸ ಬದಲಾಗುವುದಿಲ್ಲ. ಜಗತ್ತು ಇನ್ನೊಂದು ದಾರಿಯಿಂದ ಅದೇ ವಿಳಾಸವನ್ನು ತಲುಪುತ್ತದೆ.

ಹಳೆಯ ನಾಲ್ಕನೆಯ ಆವೃತ್ತಿಯ ಐಪಿ ವಿಳಾಸಗಳಲ್ಲಿ ಜಗತ್ತಿನಾದ್ಯಂತ ಸ್ವೀಕೃತವಾಗುವ ಅತಿ ಚಿಕ್ಕ ಸಮೂಹ 256 ವಿಳಾಸಗಳದ್ದು. ಈ ವಿಳಾಸಗಳ ಕೇಂದ್ರ ಸಂಗ್ರಹ 2011ರ ಫೆಬ್ರವರಿಯಲ್ಲಿ ಮುಗಿಯಿತು. ಎಪಿನಿಕ್ ಅದೇ ಏಪ್ರಿಲ್‌ನಿಂದ ಉಳಿದ ವಿಳಾಸಗಳನ್ನು ಅಳೆದು ಕೊಡತೊಡಗಿತು. ಸಣ್ಣ ಸಂಸ್ಥೆಗಳು ಈ ವಿಧಾನದಿಂದ ದೂರ ಉಳಿಯಲು ವೆಚ್ಚದ ಜೊತೆಗೆ ವಿಳಾಸಗಳ ಈ ಅಭಾವವೂ ಒಂದು ಕಾರಣ.

ಬಿಜಿಪಿ ಮತ್ತು ಮಾರ್ಗದ ಆಯ್ಕೆ

ಬಿಜಿಪಿಯ ಮೊದಲ ವಿವರಣೆ 1989ರ ಜೂನ್‌ನಲ್ಲಿ ಆರ್‌ಎಫ್‌ಸಿ 1105 ಆಗಿ ಪ್ರಕಟವಾಯಿತು. ಅದರ ಕರ್ತೃಗಳು ಕಿರ್ಕ್ ಲೌಹೀಡ್ ಮತ್ತು ಯಾಕೊವ್ ರೆಖ್ಟರ್. ಊಟದ ವೇಳೆ ಕಾಗದದ ಕರವಸ್ತ್ರಗಳ ಮೇಲೆ ಇದರ ರೂಪುರೇಷೆ ಮೂಡಿದ್ದರಿಂದ ಇದಕ್ಕೆ ‘ಕರವಸ್ತ್ರದ ನಿಯಮಾವಳಿ’ ಎಂಬ ವಿನೋದದ ಹೆಸರೂ ಇದೆ. ಈಗ ಬಳಕೆಯಲ್ಲಿರುವ ನಾಲ್ಕನೆಯ ಆವೃತ್ತಿಯ ಪ್ರಮಾಣಿತ ವಿವರಣೆ 2006ರ ಜನವರಿಯ ಆರ್‌ಎಫ್‌ಸಿ 4271ರಲ್ಲಿದೆ.

ಒಂದೇ ಗುರಿಗೆ ಹಲವು ದಾರಿಗಳು ಕಂಡಾಗ ಬಿಜಿಪಿ ರೂಟರ್ ಒಂದು ಕ್ರಮದಲ್ಲಿ ಅವನ್ನು ಹೋಲಿಸುತ್ತದೆ. ಅವುಗಳಲ್ಲಿ ಮುಖ್ಯವಾದವು ಹೀಗಿವೆ:

1. ಸ್ಥಳೀಯ ಆದ್ಯತೆ: ಸಂಸ್ಥೆ ತಾನೇ ಕೊಟ್ಟುಕೊಂಡ ಅಂಕ. ಹೆಚ್ಚು ಅಂಕವಿರುವ ದಾರಿ ಗೆಲ್ಲುತ್ತದೆ.
2. ದಾರಿಯ ಉದ್ದ: ಗುರಿ ತಲುಪಲು ದಾಟಬೇಕಾದ ಸ್ವಾಯತ್ತ ವ್ಯವಸ್ಥೆಗಳ ಸಂಖ್ಯೆ. ಕಡಿಮೆ ಇರುವ ದಾರಿ ಗೆಲ್ಲುತ್ತದೆ.
3. ನೆರೆಯ ಜಾಲದ ಸೂಚನೆ: ಒಂದೇ ನೆರೆಜಾಲದೊಂದಿಗೆ ಎರಡು ಕೊಂಡಿಗಳಿದ್ದಾಗ ಅದು ತಾನು ಬಯಸುವ ಕೊಂಡಿಯನ್ನು ಸೂಚಿಸಬಹುದು.
4. ಹತ್ತಿರದ ನಿರ್ಗಮನ: ಉಳಿದೆಲ್ಲವೂ ಸಮನಾದರೆ, ತನ್ನ ಜಾಲದೊಳಗೆ ಅತಿ ಹತ್ತಿರವಿರುವ ಬಾಗಿಲಿನಿಂದ ಹೊರಹಾಕುವುದು.

ಈ ಕ್ರಮದಲ್ಲಿ ವೇಗಕ್ಕಾಗಲಿ ದಟ್ಟಣೆಗಾಗಲಿ ಸ್ಥಾನವಿಲ್ಲ. ಎರಡು ಜಾಲಗಳನ್ನು ಮಾತ್ರ ದಾಟುವ ಇಕ್ಕಟ್ಟಾದ ದಾರಿಯನ್ನು ಬಿಜಿಪಿಯು ಮೂರು ಜಾಲಗಳನ್ನು ದಾಟುವ ವಿಶಾಲ ದಾರಿಗಿಂತ ಮೇಲೆಂದು ಎಣಿಸುತ್ತದೆ. ಆದ್ದರಿಂದ ದಟ್ಟಣೆಯನ್ನು ಗಮನಿಸಿ ಅಂಕಗಳನ್ನು ಬದಲಿಸುವ ಹೊಣೆ ಜಾಲವನ್ನು ನಡೆಸುವವರದೇ.

ಹೊರಹೋಗುವ ದಾರಿಯು ಸಂಸ್ಥೆಯ ಕೈಯಲ್ಲಿರುತ್ತದೆ. ಒಳಬರುವ ದಾರಿಯನ್ನು ಆರಿಸುವವರು ದೂರದ ಬೇರೆ ಜಾಲಗಳು. ಅವುಗಳ ಮೇಲೆ ಪ್ರಭಾವ ಬೀರಲು ಮೂರು ಉಪಾಯಗಳಿವೆ. ಬೇಡದ ದಾರಿಯಲ್ಲಿ ತನ್ನ ಸಂಖ್ಯೆಯನ್ನು ಎರಡು ಮೂರು ಬಾರಿ ಬರೆದು ದಾರಿ ಉದ್ದವಾಗಿರುವಂತೆ ತೋರಿಸುವುದು ಒಂದು. ಬೇಕಾದ ದಾರಿಯಲ್ಲಿ ವಿಳಾಸ ಸಮೂಹವನ್ನು ಹೆಚ್ಚು ನಿರ್ದಿಷ್ಟ ಭಾಗಗಳಾಗಿ ಸಾರುವುದು ಇನ್ನೊಂದು. ತನ್ನ ಮಾರ್ಗಕ್ಕೆ ಇಂತಿಷ್ಟು ಆದ್ಯತೆ ಕೊಡಿ ಎಂದು ಸೇವಾದಾತರಿಗೆ ಸಂಕೇತ ಸಂಖ್ಯೆಗಳ ಮೂಲಕ ತಿಳಿಸುವುದು ಮೂರನೆಯದು.

ಬ್ಯಾಂಡ್‌ವಿಡ್ತ್ ನಿರ್ವಹಣೆ

ಕಾಲುವೆಯ ಹೋಲಿಕೆ

ಶಹಾಪುರ ಮತ್ತು ಸುರಪುರ ತಾಲ್ಲೂಕುಗಳ ಓದುಗರಿಗೆ ಬ್ಯಾಂಡ್‌ವಿಡ್ತ್ ಹಂಚಿಕೆಯ ಸಮಸ್ಯೆ ಹೊಸದಲ್ಲ. ಕೃಷ್ಣಾ ಮೇಲ್ದಂಡೆ ಯೋಜನೆಯ ನಾರಾಯಣಪುರ ಎಡದಂಡೆ ಕಾಲುವೆಯಲ್ಲಿ ನೀರು ಬಿಟ್ಟಾಗ ಮುಖ್ಯ ಕಾಲುವೆಯಿಂದ ಶಾಖಾ ಕಾಲುವೆಗೆ, ಅಲ್ಲಿಂದ ವಿತರಣಾ ಕಾಲುವೆಗೆ, ಅಲ್ಲಿಂದ ಹೊಲಗಾಲುವೆಗೆ ನೀರು ಇಳಿಯುತ್ತದೆ. ಮೇಲ್ಭಾಗದವರು ತೂಬನ್ನು ಪೂರ್ತಿ ತೆರೆದುಕೊಂಡರೆ ಕೊನೆಯ ಭಾಗದ ರೈತರಿಗೆ ನೀರು ತಲುಪುವುದಿಲ್ಲ. ಅದಕ್ಕಾಗಿಯೇ ಸರದಿಯ ವಾರಾಬಂದಿ ಪದ್ಧತಿ ಇದೆ. ಜಾಲದಲ್ಲಿಯೂ ಹೀಗೆಯೇ. ಒಬ್ಬ ಬಳಕೆದಾರ ದೊಡ್ಡ ಕಡತಗಳನ್ನು ಎಡೆಬಿಡದೆ ಇಳಿಸುತ್ತಿದ್ದರೆ ಪಕ್ಕದ ಕೋಣೆಯಲ್ಲಿ ಅರ್ಜಿ ತುಂಬುವವರ ಪುಟ ತೆರೆಯುವುದಿಲ್ಲ.

ಆದರೆ ಈ ಹೋಲಿಕೆಗೆ ಒಂದು ಮಿತಿಯಿದೆ. ನೀರನ್ನು ಜಲಾಶಯದಲ್ಲಿ ಕೂಡಿಡಬಹುದು; ಬ್ಯಾಂಡ್‌ವಿಡ್ತನ್ನು ಕೂಡಿಡಲಾಗದು. ಬಳಸದೆ ಬಿಟ್ಟ ಒಂದು ಸೆಕೆಂಡಿನ ಸಾಮರ್ಥ್ಯ ಮರಳಿ ಬರುವುದಿಲ್ಲ. ಹೀಗಾಗಿ ಜಾಲದಲ್ಲಿ ಕಟ್ಟುನಿಟ್ಟಿನ ಸರದಿಗಿಂತ, ಪ್ರತಿಯೊಬ್ಬರಿಗೂ ಒಂದು ಖಾತರಿಯ ಪಾಲನ್ನು ಕೊಟ್ಟು, ಯಾರೂ ಬಳಸದೆ ಉಳಿದದ್ದನ್ನು ಬೇಕಾದವರಿಗೆ ಆ ಕ್ಷಣಕ್ಕೆ ಎರವಲು ಕೊಡುವ ಪದ್ಧತಿಯೇ ಉತ್ತಮ.

ಮುಖ್ಯ ತಂತ್ರಗಳು

ಮಿತಿ ಹೇರುವುದು: ನಿಗದಿತ ವೇಗವನ್ನು ಮೀರಿದ ಪ್ಯಾಕೆಟ್‌ಗಳನ್ನು ಬಿಸಾಡುವುದು ಒಂದು ಕ್ರಮ, ಅವನ್ನು ಸಾಲಿನಲ್ಲಿ ನಿಲ್ಲಿಸಿ ನಿಧಾನವಾಗಿ ಬಿಡುವುದು ಇನ್ನೊಂದು. ಎರಡಕ್ಕೂ ಸಾಮಾನ್ಯವಾಗಿ ‘ಟೋಕನ್ ಬಕೆಟ್’ ಎಂಬ ಲೆಕ್ಕಾಚಾರವನ್ನು ಬಳಸುತ್ತಾರೆ. ಒಂದು ಬುಟ್ಟಿಗೆ ಸಮವೇಗದಲ್ಲಿ ಬಿಲ್ಲೆಗಳು ಬೀಳುತ್ತಿರುತ್ತವೆ. ಪ್ರತಿ ಪ್ಯಾಕೆಟ್ ತನ್ನ ಗಾತ್ರಕ್ಕೆ ತಕ್ಕಷ್ಟು ಬಿಲ್ಲೆ ತೆತ್ತು ಹೋಗಬೇಕು. ಸ್ವಲ್ಪ ಹೊತ್ತು ಸುಮ್ಮನಿದ್ದವರ ಬುಟ್ಟಿ ತುಂಬಿರುವುದರಿಂದ ಅವರಿಗೆ ಕ್ಷಣಕಾಲ ಹೆಚ್ಚಿನ ವೇಗ ದೊರೆಯುತ್ತದೆ.

ನ್ಯಾಯದ ಸಾಲು: ಎಲ್ಲರ ಪ್ಯಾಕೆಟ್‌ಗಳೂ ಒಂದೇ ಸಾಲಿನಲ್ಲಿ ನಿಂತರೆ ಹೆಚ್ಚು ಕಳುಹಿಸಿದವನೇ ಹೆಚ್ಚು ಪಡೆಯುತ್ತಾನೆ. ಪ್ರತಿ ಸಂವಾದಕ್ಕೂ ಬೇರೆ ಸಾಲು ಮಾಡಿ, ಪ್ರತಿ ಸಾಲಿನಿಂದ ಸರದಿಯಂತೆ ತೆಗೆದರೆ ಚಿಕ್ಕ ಸಂವಾದಗಳು ದೊಡ್ಡವುಗಳ ಹಿಂದೆ ಸಿಲುಕುವುದಿಲ್ಲ.

ಉದ್ದ ಸಾಲಿನ ನಿವಾರಣೆ: ರೂಟರ್‌ಗಳ ಸ್ಮರಣೆ ಅಗ್ಗವಾದಂತೆ ತಯಾರಕರು ಸಾಲುಗಳನ್ನು ಅತಿಯಾಗಿ ಉದ್ದ ಮಾಡಿದರು. ಪ್ಯಾಕೆಟ್‌ಗಳು ಕಳೆದುಹೋಗುವುದು ಕಡಿಮೆಯಾಯಿತು, ಆದರೆ ಕಾಯುವ ಹೊತ್ತು ಹೆಚ್ಚಿತು. ವೇಗಪರೀಕ್ಷೆಯಲ್ಲಿ ಅಂಕ ಚೆನ್ನಾಗಿದ್ದರೂ ವಿಡಿಯೋ ಕರೆ ತಡವರಿಸುವುದಕ್ಕೆ ಇದು ಒಂದು ಕಾರಣ. ಇದಕ್ಕೆ ಪರಿಹಾರವಾಗಿ ಕ್ಯಾಥ್ಲೀನ್ ನಿಕಲ್ಸ್ ಮತ್ತು ವ್ಯಾನ್ ಜೇಕಬ್ಸನ್ 2012ರಲ್ಲಿ ‘ಕೋಡೆಲ್’ ಎಂಬ ವಿಧಾನವನ್ನು ಪ್ರಕಟಿಸಿದರು. ನ್ಯಾಯದ ಸಾಲಿನೊಡನೆ ಇದನ್ನು ಬೆಸೆದ ರೂಪವು 2018ರ ಜನವರಿಯಲ್ಲಿ ಆರ್‌ಎಫ್‌ಸಿ 8290 ಆಗಿ ಬಂದಿತು. ಇಂದು ಅಗ್ಗದ ರೂಟರ್‌ಗಳಲ್ಲೂ ಬಳಸಬಹುದಾದ ಮುಕ್ತ ತಂತ್ರಾಂಶಗಳಲ್ಲಿ ಇದು ಲಭ್ಯವಿದೆ.

ಹಂಚಿಕೆಯ ಅನುಪಾತ: ಸೇವಾದಾತನೊಬ್ಬ 100 ಮನೆಗಳಿಗೆ ತಲಾ 20 ಮೆಗಾಬಿಟ್ ಮಾರಿ, ಮೇಲಿನಿಂದ 400 ಮೆಗಾಬಿಟ್ ಪಡೆದಿದ್ದರೆ ಮಾರಿದ್ದು 2,000, ಇರುವುದು 400, ಅನುಪಾತ 5:1. ಎಲ್ಲರೂ ಒಂದೇ ಕ್ಷಣದಲ್ಲಿ ಪೂರ್ತಿ ಬಳಸುವುದಿಲ್ಲವಾದ್ದರಿಂದ ಇದು ಸಹಜ ವ್ಯವಹಾರವೇ. ಆದರೆ ಸಂಜೆಯ ಹೊತ್ತು ಎಲ್ಲರೂ ಒಟ್ಟಿಗೆ ಬಳಸಿದರೆ ಪ್ರತಿ ಮನೆಗೆ ಉಳಿಯುವುದು 4 ಮೆಗಾಬಿಟ್ ಮಾತ್ರ.

ಒಂದು ಮಾರ್ಗ ಕಡಿದಾಗಿನ ಲೆಕ್ಕ

ಬಹುಸೇವಾದಾತ ಸಂಪರ್ಕದಲ್ಲಿ ನಿಜವಾದ ಸಾಮರ್ಥ್ಯವೆಂದರೆ ಎರಡರ ಮೊತ್ತವಲ್ಲ, ದೊಡ್ಡದು ಕಡಿದಾಗ ಉಳಿಯುವ ಚಿಕ್ಕದು. ಮೇಲಿನ ಉದಾಹರಣೆಯ ಸಂಸ್ಥೆಯು ನಿತ್ಯ 110 ಮೆಗಾಬಿಟ್ ಬಳಸಲು ರೂಢಿ ಮಾಡಿಕೊಂಡಿದ್ದರೆ, 100ರ ಸಂಪರ್ಕ ಬಿದ್ದಂದು ಉಳಿದ 40ರಲ್ಲಿ ಯಾವ ಕೆಲಸವೂ ಸರಿಯಾಗಿ ನಡೆಯದು. ಆದ್ದರಿಂದ ಮೊದಲೇ ಒಂದು ಆದ್ಯತಾಪಟ್ಟಿ ಬೇಕು. ಉದಾಹರಣೆಗೆ 40 ಮೆಗಾಬಿಟ್‌ನಲ್ಲಿ 12ನ್ನು ಪ್ರಮಾಣಪತ್ರ ಮತ್ತು ಪಾವತಿಯ ಕೆಲಸಗಳಿಗೆ, 18ನ್ನು ತರಗತಿ ಮತ್ತು ಪರೀಕ್ಷೆಗೆ, 10ನ್ನು ಉಳಿದ ಎಲ್ಲಕ್ಕೂ ಮೀಸಲಿಡಬಹುದು. ಅಂದು ವಿಡಿಯೋ ಮಸುಕಾಗಬಹುದು. ಆದರೆ ಅರ್ಜಿ ಸಲ್ಲಿಕೆ ನಿಲ್ಲುವುದಿಲ್ಲ.

ಮಾರ್ಗಗಳ ಸ್ವಾತಂತ್ರ್ಯ

ಎರಡು ಸೇವಾದಾತರ ಕೇಬಲ್‌ಗಳು ಒಂದೇ ಗುಂಡಿಯಲ್ಲಿ ಮಲಗಿದ್ದರೆ, ರಸ್ತೆ ಅಗಲೀಕರಣದ ಜೆಸಿಬಿಯ ಒಂದೇ ಏಟಿಗೆ ಎರಡೂ ಕಡಿಯುತ್ತವೆ. ಒಬ್ಬ ಸೇವಾದಾತ ಇನ್ನೊಬ್ಬನಿಂದಲೇ ಕೇಬಲ್ ಬಾಡಿಗೆಗೆ ಪಡೆದಿರಬಹುದು. ಎರಡು ಕಂಪನಿಗಳ ಮೊಬೈಲ್ ಯಂತ್ರಗಳು ಒಂದೇ ಗೋಪುರದ ಮೇಲೆ, ಒಂದೇ ಬ್ಯಾಟರಿಯ ಆಸರೆಯಲ್ಲಿರಬಹುದು. ಗ್ರಾಹಕನ ಕಟ್ಟಡದಲ್ಲೇ ವಿದ್ಯುತ್ ಹೋದರೆ ಎರಡು ಸಂಪರ್ಕವೂ ನಿರರ್ಥಕ. ಬಿಲ್ಲುಗಳು ಎರಡಾದರೂ ದಾರಿ ಒಂದೇ ಆಗಿರುವ ಈ ಸ್ಥಿತಿಯೇ ಇಂತಹ ಏರ್ಪಾಡುಗಳ ಅತಿ ಸಾಮಾನ್ಯ ದೋಷ.

ಜಾಗತಿಕ ಮಟ್ಟದಲ್ಲೂ ಇದು ಸತ್ಯ. 2008ರ ಜನವರಿ 30ರಂದು ಈಜಿಪ್ಟಿನ ಅಲೆಕ್ಸಾಂಡ್ರಿಯಾ ಬಳಿ ಮೆಡಿಟರೇನಿಯನ್ ಸಮುದ್ರದಲ್ಲಿ ಎರಡು ಬೇರೆ ಒಡೆತನದ ಕೇಬಲ್‌ಗಳು ಒಟ್ಟಿಗೆ ಕಡಿದವು. ಭಾರತದಿಂದ ಪಶ್ಚಿಮಕ್ಕೆ ಹೋಗುವ ಸಾಮರ್ಥ್ಯದ ದೊಡ್ಡ ಪಾಲು ನಷ್ಟವಾಯಿತು. ಪೂರ್ವದ ಕಡೆಗೆ, ಸಿಂಗಪುರ ಮತ್ತು ಪೆಸಿಫಿಕ್ ಮೂಲಕವೂ ಮಾರ್ಗ ಇರಿಸಿಕೊಂಡಿದ್ದ ಕಂಪನಿಗಳು ಬೇಗ ಚೇತರಿಸಿಕೊಂಡವು.

ಆದ್ದರಿಂದ ಎರಡನೆಯ ಸಂಪರ್ಕವನ್ನು ಕೊಳ್ಳುವ ಮುನ್ನ ಕೇಳಬೇಕಾದ ಪ್ರಶ್ನೆಗಳು ಇವು: ಕೇಬಲ್ ಯಾವ ರಸ್ತೆಯಲ್ಲಿ ಬರುತ್ತದೆ? ಯಾವ ಸೇತುವೆಯನ್ನು ದಾಟುತ್ತದೆ? ಯಾವ ಊರಿನ ಕೇಂದ್ರಕ್ಕೆ ಸೇರುತ್ತದೆ? ಅಲ್ಲಿಂದ ಬೆಂಗಳೂರು ಅಥವಾ ಹೈದರಾಬಾದ್ ತಲುಪುವ ದಾರಿ ಯಾವುದು?

ಕರ್ನಾಟಕದಲ್ಲಿ

ವಿನಿಮಯ ಕೇಂದ್ರ ಮತ್ತು ರಾಜ್ಯದ ಜಾಲಗಳು

ಒಂದೇ ಊರಿನ ಇಬ್ಬರು ಬೇರೆಬೇರೆ ಸೇವಾದಾತರ ಗ್ರಾಹಕರಾಗಿದ್ದರೆ, ಹಿಂದೆ ಅವರ ನಡುವಣ ಪತ್ರವೂ ವಿದೇಶಕ್ಕೆ ಹೋಗಿ ಮರಳುತ್ತಿತ್ತು. ಇದನ್ನು ತಪ್ಪಿಸಲು 2003ರ ಜೂನ್ 19ರಂದು ನಿಕ್ಸಿ ಎಂಬ ರಾಷ್ಟ್ರೀಯ ಅಂತರಜಾಲ ವಿನಿಮಯ ಸಂಸ್ಥೆ ಸ್ಥಾಪನೆಯಾಯಿತು. ಬೆಂಗಳೂರಿನಲ್ಲೂ ಅದರ ವಿನಿಮಯ ಕೇಂದ್ರವಿದೆ. ಅಲ್ಲಿ ಸೇವಾದಾತರು ತಮ್ಮ ದೇಶೀಯ ದಟ್ಟಣೆಯನ್ನು ಪರಸ್ಪರ ನೇರವಾಗಿ ಬದಲಾಯಿಸಿಕೊಳ್ಳುತ್ತಾರೆ. ಜಿಲ್ಲಾ ಮತ್ತು ತಾಲ್ಲೂಕು ಮಟ್ಟದ ಸರ್ಕಾರಿ ಕಚೇರಿಗಳನ್ನು ಕೆ-ಸ್ವಾನ್ ಎಂಬ ರಾಜ್ಯವ್ಯಾಪಿ ಜಾಲ ಬೆಸೆದಿದೆ. ವಿಶ್ವವಿದ್ಯಾಲಯಗಳು ಮತ್ತು ಸಂಶೋಧನಾ ಸಂಸ್ಥೆಗಳಿಗೆ ರಾಷ್ಟ್ರೀಯ ಜ್ಞಾನ ಜಾಲವಿದೆ.

ಭಾರತ್‌ನೆಟ್: ಸಾಲಿನಿಂದ ವರ್ತುಲಕ್ಕೆ

ಗ್ರಾಮ ಪಂಚಾಯಿತಿಗಳಿಗೆ ಆಪ್ಟಿಕಲ್ ಫೈಬರ್ ಒಯ್ಯುವ ಯೋಜನೆಗೆ ಕೇಂದ್ರ ಸಚಿವ ಸಂಪುಟ 2011ರ ಅಕ್ಟೋಬರ್ 25ರಂದು ಒಪ್ಪಿಗೆ ನೀಡಿತು. 2015ರಲ್ಲಿ ಇದಕ್ಕೆ ಭಾರತ್‌ನೆಟ್ ಎಂಬ ಹೆಸರು ಬಂದಿತು. ಮೊದಲ ಹಂತದಲ್ಲಿ ವೆಚ್ಚ ಉಳಿಸಲು ತಾಲ್ಲೂಕು ಕೇಂದ್ರದಿಂದ ಈಗಾಗಲೇ ಇದ್ದ ಫೈಬರನ್ನು ಬಳಸಿ, ಅಲ್ಲಿಂದ ಮುಂದಕ್ಕೆ ಪಂಚಾಯಿತಿಯವರೆಗೆ ಮಾತ್ರ ಹೊಸ ಕೇಬಲ್ ಎಳೆಯಲಾಯಿತು. ಈ ವಿನ್ಯಾಸ ಮರದ ಕೊಂಬೆಯಂತಿತ್ತು; ಕೊಂಬೆ ಮುರಿದರೆ ಅದರಾಚೆಯ ಪಂಚಾಯಿತಿಗಳೆಲ್ಲ ಕತ್ತಲಾಗುತ್ತಿದ್ದವು. 2023ರ ಆಗಸ್ಟ್‌ನಲ್ಲಿ 1,39,579 ಕೋಟಿ ರೂಪಾಯಿ ವೆಚ್ಚದ ಪರಿಷ್ಕೃತ ಯೋಜನೆಗೆ ಮಂಜೂರಾತಿ ದೊರೆಯಿತು. ಅದರ ಮುಖ್ಯ ಬದಲಾವಣೆಯೆಂದರೆ ವರ್ತುಲ ವಿನ್ಯಾಸ. ವರ್ತುಲದಲ್ಲಿ ಪ್ರತಿ ಪಂಚಾಯಿತಿಗೂ ಎಡದಿಂದ ಒಂದು, ಬಲದಿಂದ ಒಂದು ದಾರಿ ಇರುತ್ತದೆ. ಇದು ಎರಡು ಸೇವಾದಾತರ ಏರ್ಪಾಡಲ್ಲ. ಆದರೂ ಒಂದೇ ಸೇವೆಯೊಳಗೆ ಎರಡು ದಾರಿಗಳನ್ನು ಕಲ್ಪಿಸುವ ಅದೇ ತತ್ವ ಇಲ್ಲಿಯೂ ಇದೆ.

ಅಗೆತದಿಂದ ಕೇಬಲ್ ಕಡಿಯುವುದನ್ನು ತಡೆಯಲು, ಅಗೆಯುವ ಮುನ್ನ ಅಲ್ಲಿ ಯಾರ ಸೌಕರ್ಯಗಳಿವೆ ಎಂದು ತಿಳಿದುಕೊಳ್ಳುವ ‘ಕಾಲ್ ಬಿಫೋರ್ ಯು ಡಿಗ್’ ಎಂಬ ಆ್ಯಪ್ 2023ರ ಮಾರ್ಚ್ 22ರಂದು ಬಿಡುಗಡೆಯಾಯಿತು.

ದೋರನಹಳ್ಳಿಯ ಭೌಗೋಳಿಕ ಉದಾಹರಣೆ

ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕಿನ ದೋರನಹಳ್ಳಿಯು ಶಹಾಪುರ ಮತ್ತು ಯಾದಗಿರಿಯ ನಡುವಣ ರಸ್ತೆಯಲ್ಲಿದೆ. ಕಲಬುರಗಿ ಜಿಲ್ಲೆಯಿಂದ ಬೇರ್ಪಟ್ಟು ಯಾದಗಿರಿ ಜಿಲ್ಲೆ ರೂಪುಗೊಂಡದ್ದು 2009ರ ಡಿಸೆಂಬರ್‌ನಲ್ಲಿ. ದಕ್ಷಿಣಕ್ಕೆ ಕೃಷ್ಣಾ, ಉತ್ತರ ಮತ್ತು ಪೂರ್ವಕ್ಕೆ ಭೀಮಾ ನದಿ ಹರಿಯುವ ಈ ಭೂಭಾಗದಲ್ಲಿ ಮಾರ್ಗಗಳ ಸ್ವಾತಂತ್ರ್ಯದ ಪ್ರಶ್ನೆಯನ್ನು ಭೂಪಟ ನೋಡಿಯೇ ಅರಿಯಬಹುದು.

ಇಲ್ಲಿಂದ ಯಾದಗಿರಿಗೆ ಹೋಗುವ ನೆಲದ ಕೇಬಲ್ ಭೀಮಾ ನದಿಯನ್ನು ದಾಟಲೇಬೇಕು. ಜೇವರ್ಗಿ ಮಾರ್ಗವಾಗಿ ಕಲಬುರಗಿಗೆ ಹೋಗುವುದೂ ಭೀಮೆಯನ್ನೇ ದಾಟಬೇಕು, ಆದರೆ ಬೇರೆ ಸೇತುವೆಯಲ್ಲಿ. ದೇವದುರ್ಗ, ರಾಯಚೂರಿನ ಕಡೆಗೆ ಕೃಷ್ಣೆಯನ್ನು ದಾಟಬೇಕು. ಆ ದಾರಿಯ ಕೊಳ್ಳೂರು ಸೇತುವೆ ಪ್ರವಾಹದ ವರ್ಷಗಳಲ್ಲಿ ಮುಳುಗಿದ್ದುಂಟು. ಸುರಪುರ, ಹುಣಸಗಿ ಮೂಲಕ ವಿಜಯಪುರ ಜಿಲ್ಲೆಯ ಕಡೆಗೆ ಹೋಗುವ ದಾರಿ ಮಾತ್ರ ಈ ಎರಡು ನದಿಗಳನ್ನೂ ದಾಟದೆ ಪಶ್ಚಿಮಕ್ಕೆ ಸಾಗುತ್ತದೆ.

ಹಾಗಾಗಿ ದೋರನಹಳ್ಳಿಯಂತಹ ಊರಿನ ಶಾಲೆಯೊಂದು ಎರಡು ಕಂಪನಿಗಳಿಂದ ಫೈಬರ್ ಪಡೆದು, ಎರಡೂ ಯಾದಗಿರಿಯ ಸೇತುವೆಯ ಮೇಲೇ ಹಾದುಹೋಗುವುದಾದರೆ ಅದು ಕಾಗದದ ಮೇಲೆ ಮಾತ್ರ ಎರಡು ದಾರಿ. ಒಂದು ಪೂರ್ವಕ್ಕೆ ಯಾದಗಿರಿ ಕಡೆಗೆ, ಇನ್ನೊಂದು ಪಶ್ಚಿಮಕ್ಕೆ ಶಹಾಪುರ, ಸುರಪುರದ ಕಡೆಗೆ ಹೋಗುವಂತಿದ್ದರೆ ಅವು ನಿಜಕ್ಕೂ ಎರಡು. ಎರಡನೆಯ ಫೈಬರ್ ದೊರೆಯದ ಊರುಗಳಲ್ಲಿ ಮೊಬೈಲ್ ಜಾಲದ ಸಂಪರ್ಕವನ್ನು ಮೀಸಲಾಗಿ ಇಡಬಹುದು. ಆದರೆ ಆ ಗೋಪುರಕ್ಕೆ ಬರುವ ಫೈಬರ್ ಯಾವ ದಾರಿಯದು ಎಂಬ ಪ್ರಶ್ನೆ ಅಲ್ಲಿಯೂ ಉಳಿಯುತ್ತದೆ.

ತೊಡಕುಗಳು ಮತ್ತು ಅಪಾಯಗಳು

ಸೋಲನ್ನು ಗುರುತಿಸುವುದು: ಮೋಡೆಮ್‌ನ ಹಸಿರು ದೀಪ ಉರಿಯುತ್ತಿದ್ದರೂ ಅದರಾಚೆ ದಾರಿ ಕಡಿದಿರಬಹುದು. ಪಕ್ಕದ ಯಂತ್ರವನ್ನಷ್ಟೇ ವಿಚಾರಿಸುವ ರೂಟರ್ ಎಲ್ಲವೂ ಸರಿಯಿದೆ ಎಂದೇ ಭಾವಿಸಿ ಪ್ಯಾಕೆಟ್‌ಗಳನ್ನು ಮುಚ್ಚಿದ ದಾರಿಗೆ ಕಳುಹಿಸುತ್ತಲೇ ಇರುತ್ತದೆ. ಆದ್ದರಿಂದ ಸೇವಾದಾತನ ಜಾಲದಾಚೆಗಿನ ಎರಡು ಮೂರು ಗುರಿಗಳನ್ನು ನಿಯತವಾಗಿ ವಿಚಾರಿಸುವಂತೆ ಅದನ್ನು ಅಣಿಗೊಳಿಸಬೇಕು. ವರ್ಷಕ್ಕೆ ಕೆಲವು ಬಾರಿಯಾದರೂ ಒಂದು ಕೇಬಲ್ಲನ್ನು ಬೇಕೆಂದೇ ಕಳಚಿ ಪರೀಕ್ಷಿಸುವುದು ಒಳ್ಳೆಯದು.

ತಪ್ಪು ಸಾರಿಕೆ: 2008ರ ಫೆಬ್ರವರಿ 24ರಂದು ಪಾಕಿಸ್ತಾನದ ದೂರಸಂಪರ್ಕ ಸಂಸ್ಥೆಯು ತನ್ನ ದೇಶದೊಳಗೆ ಯೂಟ್ಯೂಬನ್ನು ತಡೆಯಲು ಅದರ ವಿಳಾಸಗಳ ಒಂದು ಭಾಗವನ್ನು ತನ್ನದೆಂದು ಸಾರಿತು. ಆ ಸಾರಿಕೆ ಹೊರಜಗತ್ತಿಗೂ ಸೋರಿತು. ಯೂಟ್ಯೂಬ್ 1,024 ವಿಳಾಸಗಳ ಸಮೂಹವನ್ನು ಸಾರಿತ್ತು. ತಪ್ಪು ಸಾರಿಕೆ 256ರದು. ನಿರ್ದಿಷ್ಟವಾದುದಕ್ಕೇ ಆದ್ಯತೆಯೆಂಬ ನಿಯಮದಂತೆ ಜಗತ್ತಿನ ರೂಟರ್‌ಗಳು ತಪ್ಪನ್ನೇ ನಂಬಿದವು, ಮತ್ತು ಸುಮಾರು ಎರಡು ಗಂಟೆ ಕಾಲ ಯೂಟ್ಯೂಬ್ ಹಲವೆಡೆ ಸಿಗಲಿಲ್ಲ. ವಿಳಾಸದ ನಿಜವಾದ ಒಡೆಯರನ್ನು ಗೂಢಲಿಪಿಯ ಪ್ರಮಾಣಪತ್ರದಿಂದ ದೃಢಪಡಿಸುವ ಆರ್‌ಪಿಕೆಐ ವ್ಯವಸ್ಥೆ ಇಂತಹ ತಪ್ಪುಗಳನ್ನು ತಡೆಯಲು ರೂಪುಗೊಂಡಿತು. ಎರಡು ಸೇವಾದಾತರ ನಡುವೆ ನಿಂತ ಗ್ರಾಹಕನೂ ಎಚ್ಚರ ತಪ್ಪಿದರೆ, ಒಬ್ಬರಿಂದ ಕಲಿತ ಮಾರ್ಗಗಳನ್ನು ಇನ್ನೊಬ್ಬರಿಗೆ ಸಾರಿ ಇಂತಹ ಸೋರಿಕೆಗೆ ಕಾರಣನಾಗಬಹುದು.

ಹಿಂತೆಗೆತ: 2021ರ ಅಕ್ಟೋಬರ್ 4ರಂದು ಫೇಸ್‌ಬುಕ್‌ನ ಒಳಜಾಲದ ನಿರ್ವಹಣೆಯಲ್ಲಾದ ತಪ್ಪಿನಿಂದ ಅದರ ಹೆಸರು ಪರಿಚಾರಕಗಳ ಮಾರ್ಗಗಳೇ ಬಿಜಿಪಿಯಿಂದ ಅಳಿಸಿಹೋದವು. ವಾಟ್ಸ್‌ಆ್ಯಪ್ ಸಹಿತ ಅದರ ಸೇವೆಗಳು ಸುಮಾರು ಆರು ಗಂಟೆ ನಿಂತವು. ಎಷ್ಟೇ ಕೇಬಲ್‌ಗಳಿದ್ದರೂ ನಿಯಂತ್ರಣದ ತಪ್ಪೊಂದು ಎಲ್ಲವನ್ನೂ ಒಟ್ಟಿಗೆ ಕೆಡವಬಲ್ಲದು ಎಂಬುದಕ್ಕೆ ಇದು ನಿದರ್ಶನ.

ಸಮಾನ ಅವಕಾಶದ ನಿಯಮ

ಬ್ಯಾಂಡ್‌ವಿಡ್ತ್ ನಿರ್ವಹಣೆಯ ಹೆಸರಿನಲ್ಲಿ ಸೇವಾದಾತರು ತಮಗೆ ಬೇಕಾದ ತಾಣಗಳಿಗೆ ಮಾತ್ರ ಒಳ್ಳೆಯ ದಾರಿ ಕೊಡಬಾರದು. ವಿಷಯವನ್ನು ಆಧರಿಸಿ ಬೇರೆಬೇರೆ ದರ ವಿಧಿಸುವುದನ್ನು ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ 2016ರ ಫೆಬ್ರವರಿ 8ರಂದು ನಿಷೇಧಿಸಿತು. 2018ರ ಜುಲೈನಲ್ಲಿ ದೂರಸಂಪರ್ಕ ಇಲಾಖೆಯು ಜಾಲತಟಸ್ಥತೆಯ ತತ್ವಗಳಿಗೆ ಒಪ್ಪಿಗೆ ನೀಡಿತು. ದಟ್ಟಣೆಯನ್ನು ನಿಭಾಯಿಸಲು ಸಮಂಜಸವಾದ ಕ್ರಮಗಳಿಗೆ ಅವಕಾಶವಿದೆ, ಪಕ್ಷಪಾತಕ್ಕೆ ಇಲ್ಲ. ಶಾಲೆಯಾಗಲಿ ಕಚೇರಿಯಾಗಲಿ ತನ್ನ ಒಳಜಾಲದಲ್ಲಿ ಮಾಡಿಕೊಳ್ಳುವ ಆದ್ಯತಾಪಟ್ಟಿಗೆ ಈ ನಿರ್ಬಂಧ ಅನ್ವಯಿಸುವುದಿಲ್ಲ.

ಇವನ್ನೂ ನೋಡಿ

ಅಂತರಜಾಲ
ಐಪಿ ವಿಳಾಸ
ರೂಟರ್
ಆಪ್ಟಿಕಲ್ ಫೈಬರ್
ಭಾರತ್‌ನೆಟ್
ಜಾಲತಟಸ್ಥತೆ
ಯಾದಗಿರಿ ಜಿಲ್ಲೆ
ನಾರಾಯಣಪುರ ಅಣೆಕಟ್ಟು